ಸತ್ತವರ ನೆನಪು ಯಾರ ಸ್ವತ್ತು? ಕಾಂಬೋಡಿಯಾದ ಮುಂದಿರುವ ಪ್ರಶ್ನೆ

2021ರ ಏಪ್ರಿಲ್‌ನಲ್ಲಿ ಒಂದು ಅಂತರರಾಷ್ಟ್ರೀಯ ಸುದ್ದಿ ತಾಣದಲ್ಲಿ ಕೆಲವು ಫೋಟೋಗಳು ಬಂದವು. ಕಾಂಬೋಡಿಯಾದ ತುವೋಲ್ ಸ್ಲೆಂಗ್ ಜೈಲಿನಲ್ಲಿ ಕೈದಿಗಳನ್ನು ಕೊಲ್ಲುವ ಮೊದಲು, ಜೈಲಿನವರೇ ದಾಖಲೆಗೆಂದು ತೆಗೆದಿಟ್ಟಿದ್ದ ಕಪ್ಪು ಬಿಳುಪು ಫೋಟೋಗಳು ಅವು. ಐರ್ಲೆಂಡಿನ ಕಲಾವಿದರೊಬ್ಬರು ಅವಕ್ಕೆ ಬಣ್ಣ ತುಂಬಿದ್ದರು. ಬಣ್ಣದ ಫೋಟೋಗಳಲ್ಲಿ ಕೆಲವರು ನಗುತ್ತಿದ್ದರು. ಸಾಯುವ ಮುಂಚೆ ನಗು ಯಾಕೆ ಅನ್ನುವ ಪ್ರಶ್ನೆಗೆ, ಅದು ಹೆದರಿಕೆಯಿಂದ ಬಂದ ನಗು ಇರಬಹುದು ಎಂಬ ವಿವರಣೆಯೂ ಜೊತೆಗಿದ್ದ ಕಲಾವಿದರ ಸಂದರ್ಶನದಲ್ಲಿತ್ತು.

ಮೂಲ ಫೋಟೋಗಳನ್ನು ಪಕ್ಕದಲ್ಲಿ ಇಟ್ಟು ನೋಡಿದವರಿಗೆ ವಿಷಯ ಗೊತ್ತಾಯಿತು. ಮೂಲದಲ್ಲಿ ನಗು ಇರಲೇ ಇಲ್ಲ. ತುಟಿಗಳನ್ನು ಕಂಪ್ಯೂಟರಿನಲ್ಲಿ ತಿದ್ದಲಾಗಿತ್ತು. ಅಷ್ಟೇ ಅಲ್ಲ, ಒಬ್ಬ ಕೈದಿಯನ್ನು ಬಡ ರೈತ ಎಂದು ಪರಿಚಯಿಸಲಾಗಿತ್ತು. ಆತ ರೈತನಲ್ಲ, ಮಕ್ಕಳಿಗೆ ಪಾಠ ಹೇಳುತ್ತಿದ್ದ ಮೇಷ್ಟ್ರು, ನಮ್ಮ ಮನೆಯವರು ಎಂದು ಬಂಧುಗಳು ಮುಂದೆ ಬಂದು ಹೇಳಿದರು. ಕಾಂಬೋಡಿಯಾ ಸರ್ಕಾರ ಪ್ರತಿಭಟಿಸಿತು. ಕೆಲವೇ ದಿನಗಳಲ್ಲಿ ಲೇಖನವನ್ನು ತೆಗೆದುಹಾಕಲಾಯಿತು.

ಈ ಪ್ರಕರಣದಲ್ಲಿ ತಪ್ಪು ಯಾರದು ಎಂದು ಹೇಳುವುದು ಸುಲಭ. ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ನರಮೇಧದ ನೆನಪನ್ನು ಬಳಸಿಕೊಳ್ಳುವ ಉಳಿದ ಎಷ್ಟೋ ಕೆಲಸಗಳು ಇಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಅವು ಟಿಕೆಟ್ ಕೌಂಟರಿನ ರೂಪದಲ್ಲಿ ಇರುತ್ತವೆ, ರಾಷ್ಟ್ರೀಯ ದಿನಾಚರಣೆಯ ರೂಪದಲ್ಲಿ ಇರುತ್ತವೆ, ಸಂಸತ್ತು ಅಂಗೀಕರಿಸಿದ ಕಾನೂನಿನ ರೂಪದಲ್ಲೂ ಇರುತ್ತವೆ. ಅವುಗಳ ಬಗ್ಗೆ ಪ್ರಶ್ನೆ ಎತ್ತಿದರೆ, ಸತ್ತವರಿಗೇ ಅವಮಾನ ಮಾಡಿದಿರಿ ಎಂದು ತಿರುಗಿಸಿ ಕೇಳುತ್ತಾರೆ. ಅದಕ್ಕೇ ಇವುಗಳ ಬಗ್ಗೆ ನಿಧಾನವಾಗಿ ಮಾತಾಡಬೇಕು.

ಮೊದಲು ಹಿನ್ನೆಲೆ. 1975ರ ಏಪ್ರಿಲ್ 17ರಂದು ಪೋಲ್ ಪಾಟ್ ನೇತೃತ್ವದ ಖಮೇರ್ ರೂಜ್ ಎಂಬ ಕಮ್ಯುನಿಸ್ಟ್ ಪಡೆ ರಾಜಧಾನಿ ನಾಮ್ ಪೆನ್ ಅನ್ನು ಹಿಡಿಯಿತು. ಊರಿಗೆ ಊರನ್ನೇ ಖಾಲಿ ಮಾಡಿಸಿ ಜನರನ್ನು ಹೊಲಗಳಿಗೆ ಅಟ್ಟಿತು. ದುಡ್ಡು ರದ್ದಾಯಿತು, ಶಾಲೆ ಮುಚ್ಚಿತು, ಬೌದ್ಧ ಭಿಕ್ಷುಗಳ ಕಾವಿ ಕಳಚಿಸಲಾಯಿತು. 1979ರ ಜನವರಿ 7ರಂದು ವಿಯೆಟ್ನಾಂ ಸೇನೆ ಬಂದು ಆ ಆಡಳಿತವನ್ನು ಉರುಳಿಸುವ ಹೊತ್ತಿಗೆ, ಹಸಿವು, ರೋಗ, ದುಡಿತ ಮತ್ತು ಕೊಲೆಗಳಿಂದ ಸುಮಾರು 17 ಲಕ್ಷದಿಂದ 20 ಲಕ್ಷ ಜನ ಸತ್ತಿದ್ದರು. ಆಗಿನ ಜನಸಂಖ್ಯೆಯ ಸುಮಾರು ಕಾಲು ಭಾಗ ಅದು. ಕಾಂಬೋಡಿಯಾದ ಜನ ಇಂದಿಗೂ ಆ ಕಾಲವನ್ನು 'ಮೂರು ವರ್ಷ, ಎಂಟು ತಿಂಗಳು, ಇಪ್ಪತ್ತು ದಿನ' ಎಂದೇ ಕರೆಯುತ್ತಾರೆ.

ತುವೋಲ್ ಸ್ಲೆಂಗ್ ಮೊದಲು ಒಂದು ಹೈಸ್ಕೂಲು. ಖಮೇರ್ ರೂಜ್ ಅದನ್ನು ಎಸ್-21 ಎಂಬ ಗುಪ್ತ ಜೈಲು ಮಾಡಿಕೊಂಡಿತು. ತರಗತಿಗಳ ಒಳಗೆ ಇಟ್ಟಿಗೆ ಗೋಡೆ ಕಟ್ಟಿ ಒಬ್ಬೊಬ್ಬರು ಮಲಗುವಷ್ಟೇ ಜಾಗದ ಕೋಣೆಗಳನ್ನು ಮಾಡಿದರು. ಮೇಲಿನಿಂದ ಹಾರಿ ಸಾಯಬಾರದು ಎಂದು ವರಾಂಡಕ್ಕೆ ಮುಳ್ಳುತಂತಿ ಬಿಗಿದರು. ದಾಖಲೆಗಳಲ್ಲಿ ಸಿಕ್ಕಿರುವ ಲೆಕ್ಕದ ಪ್ರಕಾರವೇ 12 ಸಾವಿರಕ್ಕೂ ಹೆಚ್ಚು ಜನ ಇಲ್ಲಿಗೆ ಬಂದು ಸತ್ತರು. ಜೀವಂತ ಉಳಿದವರು ಬೆರಳೆಣಿಕೆಯಷ್ಟು ಮಂದಿ. ಬಹುಪಾಲು ಕೈದಿಗಳನ್ನು ನಗರದಿಂದ ಸುಮಾರು 15 ಕಿಲೋಮೀಟರ್ ದೂರದ ಚ್ಯೂಂಗ್ ಎಕ್ ಎಂಬಲ್ಲಿಗೆ ಲಾರಿಯಲ್ಲಿ ಒಯ್ದು ಕೊಲ್ಲುತ್ತಿದ್ದರು. ಅದು ಹಿಂದೆ ಚೀನೀ ಸಮುದಾಯದ ಸ್ಮಶಾನವಿದ್ದ ತೋಟ. ಅಲ್ಲಿ 129 ಸಾಮೂಹಿಕ ಗುಂಡಿಗಳು ಪತ್ತೆಯಾದವು. 1980ರಲ್ಲಿ ಅವುಗಳಲ್ಲಿ 86 ಗುಂಡಿಗಳನ್ನು ಅಗೆದಾಗ ಸಿಕ್ಕಿದ್ದು 8,985 ಜನರ ಅವಶೇಷ. ಇಂದಿಗೂ ಜೋರು ಮಳೆ ಬಂದರೆ ಮಣ್ಣು ಕೊಚ್ಚಿಹೋಗಿ ಮೂಳೆ ಚೂರು, ಬಟ್ಟೆ ತುಂಡು ಮೇಲೆ ಬರುತ್ತವೆ.

ಇಂಥ ಜಾಗವನ್ನು 2005ರಲ್ಲಿ ನಾಮ್ ಪೆನ್ ನಗರಾಡಳಿತ 30 ವರ್ಷಗಳ ಗುತ್ತಿಗೆಗೆ ಕೊಟ್ಟಿತು. ಗುತ್ತಿಗೆ ಪಡೆದದ್ದು ಜೆಸಿ ರಾಯಲ್ ಎಂಬ ಜಪಾನಿ ಕಂಪನಿ. ಆಗ ಹೊರಬಂದ ವಿವರದ ಪ್ರಕಾರ ಕಂಪನಿ ಸರ್ಕಾರಕ್ಕೆ ಕೊಡಬೇಕಾದ ಹಣ ವರ್ಷಕ್ಕೆ 15 ಸಾವಿರ ಡಾಲರ್‌ನಿಂದ ಶುರು. ವಿದೇಶಿಯರ ಟಿಕೆಟ್ ದರ ಅರ್ಧ ಡಾಲರ್ ಆಸುಪಾಸಿನಲ್ಲಿದ್ದದ್ದು ಏರುತ್ತಾ ಹೋಗಿ, ಆಡಿಯೋ ಗೈಡ್ ಸೇರಿ 6 ಡಾಲರ್ ಮುಟ್ಟಿತು. ಕಾಂಬೋಡಿಯಾದವರಿಗೆ ಪ್ರವೇಶ ಉಚಿತ.

ಸುದ್ದಿ ಹೊರಬಿದ್ದಾಗ ಬದುಕುಳಿದವರು ಸಿಟ್ಟಾದರು. ಸತ್ತವರ ಮೂಳೆಗಳನ್ನು ಮಾರಿಕೊಂಡಿರಿ ಎಂದರು. ಸರ್ಕಾರದ ಉತ್ತರವೂ ಇತ್ತು: ರಸ್ತೆ ಸರಿಯಿಲ್ಲ, ಬೇಲಿ ಇಲ್ಲ, ನಿರ್ವಹಣೆಗೆ ದುಡ್ಡಿಲ್ಲ, ಯಾರಾದರೂ ನೋಡಿಕೊಳ್ಳಬೇಕಲ್ಲ. ಇದನ್ನು ಸುಮ್ನೆ ತಳ್ಳಿಹಾಕಲು ಆಗುವುದಿಲ್ಲ. ಆ ದಿನಗಳಲ್ಲಿ ಆ ದೇಶ ನಿಜಕ್ಕೂ ಬಡವಾಗಿತ್ತು. ಇವತ್ತು ಚ್ಯೂಂಗ್ ಎಕ್‌ನಲ್ಲಿ ಹಾದಿ ಚೊಕ್ಕಟವಾಗಿದೆ. ಅಲ್ಲಿನ ಆಡಿಯೋ ಗೈಡ್ ಚೆನ್ನಾಗಿದೆ ಎಂದು ಹೋಗಿಬಂದವರು ಹೇಳುತ್ತಾರೆ. ಗದ್ದಲ ಇಲ್ಲದೆ, ಒಬ್ಬೊಬ್ಬರೇ ಕೇಳಿಸಿಕೊಳ್ಳುತ್ತಾ ನಡೆಯಬಹುದು. ಅಂದರೆ ಹಣ ಬಂದದ್ದರಿಂದ ಒಳ್ಳೆಯದೂ ಆಗಿದೆ.

ಹಾಗಾದರೆ ತಕರಾರು ಏನು? ಟಿಕೆಟ್ ಇಟ್ಟದ್ದೇ ತಪ್ಪು ಅನ್ನುವವರ ಜೊತೆ ನಾನಿಲ್ಲ. ಪೋಲೆಂಡಿನ ಆಶ್ವಿಟ್ಜ್ ಸ್ಮಾರಕಕ್ಕೆ ಪ್ರವೇಶ ಉಚಿತ, ಗೈಡ್ ಬೇಕಾದರೆ ಹಣ ಕಟ್ಟಬೇಕು. ರುವಾಂಡಾದ ಕಿಗಾಲಿಯಲ್ಲಿ ಎರಡೂವರೆ ಲಕ್ಷ ಜನರನ್ನು ಹೂತಿರುವ ಸ್ಮಾರಕಕ್ಕೂ ಪ್ರವೇಶ ಉಚಿತ. ಜಾಗ ಉಳಿಸಿಕೊಳ್ಳಲು ಎಲ್ಲ ಕಡೆಯೂ ಹಣ ಬೇಕು, ಅದನ್ನು ಒಂದಲ್ಲ ಒಂದು ದಾರಿಯಲ್ಲಿ ಹುಡುಕುತ್ತಾರೆ. ಚ್ಯೂಂಗ್ ಎಕ್‌ನ ತಕರಾರು ಬೇರೆ. ಆ ಗುತ್ತಿಗೆಯ ಮಾತುಕತೆ ನಡೆದಾಗ, ಅಲ್ಲಿ ಯಾರ ತಂದೆ, ಯಾರ ಹೆಂಡತಿ, ಯಾರ ಮಗು ಮಣ್ಣಾಗಿದ್ದಾರೋ ಅವರನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಬೋ ಮೆಂಗ್ ಅವರ ಕಥೆ ನೋಡಿ. ಅವರು ಚಿತ್ರಕಾರ. ಎಸ್-21ರಲ್ಲಿ ಜೀವ ಉಳಿದದ್ದು ಪೋಲ್ ಪಾಟ್‌ನ ಚಿತ್ರ ಬರೆಯಲು ಬರುತ್ತಿತ್ತು ಎಂಬ ಒಂದೇ ಕಾರಣಕ್ಕೆ. ಅವರ ಜೊತೆಗೇ ಬಂಧಿಸಿದ್ದ ಹೆಂಡತಿ ಬದುಕಲಿಲ್ಲ. 2009ರಲ್ಲಿ ವಿಶ್ವಸಂಸ್ಥೆಯ ನೆರವಿನ ವಿಶೇಷ ನ್ಯಾಯಾಲಯದಲ್ಲಿ ಜೈಲಿನ ಮುಖ್ಯಸ್ಥ ಡುಚ್‌ನ ವಿಚಾರಣೆ ನಡೆಯಿತು. ಬೋ ಮೆಂಗ್ ಅವನನ್ನು ಕೇಳಿದ್ದು ಒಂದೇ ಪ್ರಶ್ನೆ: ನನ್ನ ಹೆಂಡತಿಯನ್ನು ಎಲ್ಲಿ ಕೊಂದಿರಿ? ಅಲ್ಲಿಗೆ ಹೋಗಿ ಒಂದು ಹಿಡಿ ಮಣ್ಣು ತಂದು ಅವಳ ಆತ್ಮಕ್ಕೆ ಪ್ರಾರ್ಥನೆ ಮಾಡಬೇಕು ಎಂದರು. ಚ್ಯೂಂಗ್ ಎಕ್‌ನಲ್ಲಿ ಇರಬಹುದು ಎಂಬ ಅರ್ಥದ ಉತ್ತರ ಬಂತು. ಆ ಹೊತ್ತಿಗೆ ಆ ಮಣ್ಣು ಕಂಪನಿಯ ಗುತ್ತಿಗೆಗೆ ಹೋಗಿ ನಾಲ್ಕು ವರ್ಷವಾಗಿತ್ತು.

ಅದೇ ಬೋ ಮೆಂಗ್ ಮತ್ತು ಅವರಂತೆಯೇ ಬದುಕುಳಿದ ಚುಮ್ ಮೇ ಅವರು ಎಷ್ಟೋ ವರ್ಷ ತುವೋಲ್ ಸ್ಲೆಂಗ್ ಅಂಗಳದಲ್ಲಿ ಒಂದೊಂದು ಮೇಜು ಹಾಕಿಕೊಂಡು ಕೂರುತ್ತಿದ್ದರು. ಚುಮ್ ಮೇ ಮೆಕ್ಯಾನಿಕ್. ಟೈಪ್‌ರೈಟರ್, ಹೊಲಿಗೆ ಯಂತ್ರ ರಿಪೇರಿ ಮಾಡಲು ಬರುತ್ತಿದ್ದರಿಂದ ಅವರನ್ನು ಕೊಲ್ಲದೆ ಬಿಟ್ಟಿದ್ದರು. ಹೊರಗೆ ಬಂದ ಮೇಲೆ ಅವರ ಹೆಂಡತಿ ಮತ್ತು ಹಸುಗೂಸು ಬಂದೂಕಿನ ಗುಂಡೇಟಿಗೆ ಬಲಿಯಾದರು. ಮೇಜಿನ ಮೇಲೆ ತಮ್ಮ ಜೀವನ ಕಥೆಯ ಪುಸ್ತಕ. ಪ್ರವಾಸಿಗರು ಬರುತ್ತಾರೆ, ಪುಸ್ತಕ ಕೊಳ್ಳುತ್ತಾರೆ, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ತಮ್ಮನ್ನು ಚಿತ್ರಹಿಂಸೆಗೆ ಗುರಿಮಾಡಿದ ಜಾಗದಲ್ಲೇ ದಿನವೂ ಕೂತು ಮಾರುವುದು.

ಇದನ್ನು ನೋಡಿ ಮುಜುಗರ ಪಟ್ಟವರು, ಬರೆದವರು ಇದ್ದಾರೆ. ನೋವನ್ನು ವ್ಯಾಪಾರ ಮಾಡಿಕೊಂಡರು ಅನ್ನುವ ಮಾತೂ ಕೇಳಿಬಂತು. ನನಗೆ ಈ ಮಾತು ಒಪ್ಪಿಗೆಯಿಲ್ಲ. ಆ ನೋವು ಅವರದು. ಆ ಕಥೆ ಅವರದು. ಅದನ್ನು ಹೇಳಬೇಕೋ ಬೇಡವೋ, ಎಷ್ಟು ಹೇಳಬೇಕು, ಯಾವಾಗ ನಿಲ್ಲಿಸಬೇಕು ಅನ್ನುವುದನ್ನು ಅವರೇ ತೀರ್ಮಾನ ಮಾಡುತ್ತಾರೆ. ಇನ್ನೊಂದು ವಿಷಯ ಇದೆ. ಆ ವಿಶೇಷ ನ್ಯಾಯಾಲಯ 2006ರಿಂದ 2022ರವರೆಗೆ ನಡೆದು 33 ಕೋಟಿ ಡಾಲರ್‌ಗೂ ಜಾಸ್ತಿ ಖರ್ಚು ಮಾಡಿತು. ಕೊನೆಗೆ ಶಿಕ್ಷೆಯಾದದ್ದು ಮೂವರಿಗೆ. ಸಂತ್ರಸ್ತರಿಗೆ ವೈಯಕ್ತಿಕವಾಗಿ ಹಣದ ಪರಿಹಾರ ಕೊಡಲು ಅದರ ನಿಯಮದಲ್ಲಿ ಅವಕಾಶವೇ ಇರಲಿಲ್ಲ. ಡುಚ್ ಪ್ರಕರಣದಲ್ಲಿ ಸಂತ್ರಸ್ತರಿಗೆ ಸಿಕ್ಕಿದ್ದು ಏನು ಗೊತ್ತೇ? ತೀರ್ಪಿನಲ್ಲಿ ಅವರ ಹೆಸರು, ಮತ್ತು ಡುಚ್ ಕೇಳಿದ ಕ್ಷಮೆಯ ಮಾತುಗಳ ಒಂದು ಸಂಗ್ರಹ. ಇಳಿವಯಸ್ಸಿನಲ್ಲಿ ಔಷಧಿ, ಊಟಕ್ಕೆ ದಾರಿ ಬೇಕಲ್ಲವಾ? ಮೇಜು ಹಾಕಿ ಪುಸ್ತಕ ಮಾರಿದರು. ಅವರನ್ನು ಅಲ್ಲಿ ಕೂರಿಸಿದ ವ್ಯವಸ್ಥೆಯನ್ನು ಬಿಟ್ಟು ಅವರನ್ನೇ ದೂರುವುದು ಅನ್ಯಾಯ.

ಇದಕ್ಕೆ ಎದುರಾಗಿ ಇನ್ನೊಬ್ಬರನ್ನು ನೋಡಿ. ನ್ಹೆಮ್ ಎನ್ ಎಂಬಾತ ಎಸ್-21ರ ಫೋಟೋಗ್ರಾಫರ್. ಕಣ್ಣುಪಟ್ಟಿ ಬಿಚ್ಚಿದ ಕೂಡಲೇ ಕೈದಿಗಳು ಕಾಣುತ್ತಿದ್ದದ್ದು ಆತನ ಕ್ಯಾಮೆರಾವನ್ನು. ಆಮೇಲೆ ಆತ ಅನ್ಲಾಂಗ್ ವೆಂಗ್ ಎಂಬ ಜಿಲ್ಲೆಯ ಉಪಾಡಳಿತಾಧಿಕಾರಿಯಾದ. 2009ರಲ್ಲಿ ಪೋಲ್ ಪಾಟ್‌ನ ಚಪ್ಪಲಿ ಮತ್ತು ತನ್ನ ಎರಡು ಕ್ಯಾಮೆರಾಗಳನ್ನು ಹರಾಜಿಗೆ ಇಡುವುದಾಗಿ ಹೇಳಿದ. ಕೇಳಿದ ಬೆಲೆ ಲಕ್ಷಾಂತರ ಡಾಲರ್. ಸ್ವಂತ ಮ್ಯೂಸಿಯಂ ಕಟ್ಟುವ ಆಸೆಯೂ ಆತನಿಗಿತ್ತು. ಮೇಜಿನ ಹಿಂದೆ ಕೂತ ಚುಮ್ ಮೇ ಮಾಡಿದ್ದೂ ಮಾರಾಟ, ಇದೂ ಮಾರಾಟ. ಎರಡನ್ನೂ ಒಂದೇ ಪಟ್ಟಿಯಲ್ಲಿ ಸೇರಿಸಿ 'ವಾಣಿಜ್ಯೀಕರಣ' ಎಂದು ಕರೆದರೆ ಏನೂ ಅರ್ಥವಾಗುವುದಿಲ್ಲ. ಒಂದರಲ್ಲಿ ಪೆಟ್ಟು ತಿಂದವನು ತನ್ನ ಮಾತಿಗೆ ಬೆಲೆ ಪಡೆಯುತ್ತಾನೆ. ಇನ್ನೊಂದರಲ್ಲಿ ಕೊಂದವರ ಜೊತೆಗಿದ್ದವನು ಕೊಲೆಗಾರನ ಖ್ಯಾತಿಗೆ ಬೆಲೆ ಕಟ್ಟುತ್ತಾನೆ.

ಆತ ಮತ್ತು ಸಂಗಡಿಗರು ತೆಗೆದ ಫೋಟೋಗಳ ಪಯಣವೂ ಗಮನಿಸಬೇಕಾದದ್ದು. 1990ರ ದಶಕದಲ್ಲಿ ಅಮೆರಿಕದ ಇಬ್ಬರು ಫೋಟೋಗ್ರಾಫರುಗಳು ಧೂಳು ಹಿಡಿದಿದ್ದ ಸಾವಿರಾರು ನೆಗೆಟಿವ್‌ಗಳನ್ನು ಶುಚಿ ಮಾಡಿ ಉಳಿಸಿದರು. ಒಳ್ಳೆಯ ಕೆಲಸ. 1997ರಲ್ಲಿ ಅವುಗಳಲ್ಲಿ 22 ಫೋಟೋಗಳು ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಗೋಡೆ ಏರಿದವು. ಹೆಸರಿಲ್ಲ, ಊರಿಲ್ಲ. ಕಲಾಕೃತಿಗಳ ನಡುವೆ ಇನ್ನೊಂದು ಕಲಾಕೃತಿ. ಅದೇ ಹೊತ್ತಿನಲ್ಲಿ ಕಾಂಬೋಡಿಯಾದ ಕುಟುಂಬಗಳು ತುವೋಲ್ ಸ್ಲೆಂಗ್ ಗೋಡೆಗಳ ಮುಂದೆ ನಿಂತು ಅಣ್ಣನ ಮುಖ, ಅಪ್ಪನ ಮುಖ ಸಿಗುತ್ತದಾ ಎಂದು ಹುಡುಕುತ್ತಿದ್ದರು.

ಅಗ್ಗದ ವ್ಯಾಪಾರದ ಉದಾಹರಣೆಗಳು ಬೇಕಾದಷ್ಟಿವೆ. 2005ರಲ್ಲಿ ತುವೋಲ್ ಸ್ಲೆಂಗ್ ಹತ್ತಿರ ಒಂದು ಹೋಟೆಲ್ ಶುರುವಾಯಿತು. ಖಮೇರ್ ರೂಜ್ ಕಾಲದ ಕಪ್ಪು ಬಟ್ಟೆ ತೊಟ್ಟ ಹುಡುಗಿಯರು ಆ ಕಾಲದ ನೀರು ಗಂಜಿ ಬಡಿಸುತ್ತಿದ್ದರು. ಅಧಿಕಾರಿಗಳು ಬೇಗನೆ ಮುಚ್ಚಿಸಿದರು. ಬೆಳಗ್ಗೆ ಚ್ಯೂಂಗ್ ಎಕ್, ಮಧ್ಯಾಹ್ನ ಬಂದೂಕು ಹಾರಿಸುವ ಮೈದಾನ ಎಂದು ಟುಕ್‌ಟುಕ್ ಚಾಲಕರು ಒಂದೇ ಬಾಡಿಗೆಯಲ್ಲಿ ಎರಡನ್ನೂ ಸೇರಿಸುವುದು ಎಷ್ಟೋ ವರ್ಷ ನಡೆದಿತ್ತು. 2016ರಲ್ಲಿ ಮೊಬೈಲ್ ಹಿಡಿದು ಪೋಕೆಮಾನ್ ಗೋ ಆಡುತ್ತಾ ಜೈಲಿನ ಅಂಗಳಕ್ಕೆ ಬಂದವರನ್ನು ಮ್ಯೂಸಿಯಂ ತಡೆಯಬೇಕಾಯಿತು. ಅಂಕೋರ್ ವಾಟ್ ನೋಡಲು ಹೋಗುವ ನಮ್ಮವರೂ ಒಂದು ದಿನ ನಾಮ್ ಪೆನ್‌ಗೆ ಬಂದು ಈ ಜಾಗಗಳನ್ನು ನೋಡುತ್ತಾರೆ. ನಗುವ ಮುಖದ ಮೇಲೆ ಅಡ್ಡಗೆರೆ ಎಳೆದ ಫಲಕ ಅಲ್ಲಿ ಕಾಣುತ್ತದೆ. ಅದನ್ನು ಓದಲು ಭಾಷೆ ಬೇಕಿಲ್ಲ. ಇಂಥ ತಪ್ಪುಗಳನ್ನು ಒಂದು ಫಲಕ, ಒಂದು ಆದೇಶ ಸರಿಪಡಿಸುತ್ತದೆ. ಹಾಗಾಗಿ ಇವುಗಳ ಬಗ್ಗೆ ನನಗೆ ಅಷ್ಟು ಚಿಂತೆಯಿಲ್ಲ.

ಚಿಂತೆ ಇರುವುದು ಸರ್ಕಾರವೇ ನೆನಪಿನ ಮಾಲೀಕನಾದಾಗ.

ಮೂಳೆಗಳ ವಿಷಯದಿಂದಲೇ ಇದನ್ನು ನೋಡೋಣ. ಬೌದ್ಧರಾದ ಖಮೇರ್ ಜನರ ನಂಬಿಕೆಯಲ್ಲಿ ಸತ್ತವರನ್ನು ಸುಡಬೇಕು, ಸಂಸ್ಕಾರ ಆಗಬೇಕು. ಇಲ್ಲದಿದ್ದರೆ ಆತ್ಮಕ್ಕೆ ನೆಲೆಯಿಲ್ಲ. ದೊರೆ ಸಿಹಾನೂಕ್ ಅವಶೇಷಗಳನ್ನು ದಹನ ಮಾಡಿ ಎಂದು ಮತ್ತೆ ಮತ್ತೆ ಕೇಳಿಕೊಂಡರು. ಅವರ ಸ್ವಂತ ಮಕ್ಕಳು, ಮೊಮ್ಮಕ್ಕಳು ಖಮೇರ್ ರೂಜ್ ಕೈಯಲ್ಲಿ ಸತ್ತಿದ್ದರು. ಸರ್ಕಾರ ಒಪ್ಪಲಿಲ್ಲ. ಮೂಳೆಗಳು ಸಾಕ್ಷಿ, ಅವು ಇರಬೇಕು ಎಂದಿತು. ಚ್ಯೂಂಗ್ ಎಕ್‌ನಲ್ಲಿ 1988ರಲ್ಲಿ ಕಟ್ಟಿದ ಗಾಜಿನ ಗೋಡೆಯ ಎತ್ತರದ ಸ್ತೂಪದಲ್ಲಿ ತಲೆಬುರುಡೆಗಳು ಸಾಲು ಸಾಲಾಗಿ ಉಳಿದವು. ಸಾಕ್ಷಿ ಬೇಕು ಎಂಬ ವಾದಕ್ಕೆ ತೂಕವಿದೆ. ನಡೆದೇ ಇಲ್ಲ ಅನ್ನುವವರು ಎಲ್ಲ ಕಾಲದಲ್ಲೂ ಇರುತ್ತಾರೆ. ಆದರೆ 2001ರ ಡಿಸೆಂಬರ್‌ನಲ್ಲಿ ಸರ್ಕಾರ ಹೊರಡಿಸಿದ ಸುತ್ತೋಲೆಯನ್ನು ನೋಡಿ. ಅದರಲ್ಲಿ ಎರಡು ವಿಷಯಗಳಿದ್ದವು. ಒಂದು, ನರಮೇಧದಲ್ಲಿ ಸತ್ತವರ ಅವಶೇಷಗಳನ್ನು ಕಾಪಾಡುವುದು. ಎರಡು, ಅನ್ಲಾಂಗ್ ವೆಂಗ್ ಅನ್ನು ಪ್ರವಾಸಿ ತಾಣ ಮಾಡಲು ತಯಾರಿ ನಡೆಸುವುದು. ಅನ್ಲಾಂಗ್ ವೆಂಗ್ ಎಂದರೆ ಖಮೇರ್ ರೂಜ್‌ನ ಕೊನೆಯ ಕೋಟೆ, 1998ರ ಏಪ್ರಿಲ್ 15ರಂದು ಪೋಲ್ ಪಾಟ್ ಸತ್ತ ಜಾಗ. ಸತ್ತವರ ಮೂಳೆ ಮತ್ತು ಕೊಂದವನ ಚಿತೆಯ ಜಾಗ, ಎರಡೂ ಒಂದೇ ಕಾಗದದಲ್ಲಿ. ವ್ಯಾಪಾರ ಮತ್ತು ರಾಜಕೀಯ ಬೇರೆ ಬೇರೆ ಎಂದು ನಾವು ಅಂದುಕೊಳ್ಳುತ್ತೇವೆ. ಇಲ್ಲಿ ಎರಡನ್ನೂ ಒಂದೇ ಕೈ ನಡೆಸಿದೆ.

ಆ ಕೈಯ ಇತಿಹಾಸ ಸರಳವಾಗಿಲ್ಲ. 1979ರಲ್ಲಿ ವಿಯೆಟ್ನಾಂ ಸೇನೆಯ ಜೊತೆ ಬಂದು ಅಧಿಕಾರ ಹಿಡಿದವರಲ್ಲಿ ಖಮೇರ್ ರೂಜ್ ಬಿಟ್ಟು ಬಂದವರು ಬಹಳ ಇದ್ದರು. ಮುಂದೆ ದಶಕಗಳ ಕಾಲ ಪ್ರಧಾನಿಯಾಗಿದ್ದ ಹುನ್ ಸೆನ್ 1977ರಲ್ಲಿ ಆ ಪಡೆಯಿಂದ ಓಡಿ ವಿಯೆಟ್ನಾಂ ಸೇರಿದವರು. ಹೊಸ ಸರ್ಕಾರಕ್ಕೆ ತನ್ನನ್ನು ತಾನು ಸಮರ್ಥಿಸಿಕೊಳ್ಳಬೇಕಿತ್ತು. ಯಾಕೆಂದರೆ ಜಗತ್ತು ಅದನ್ನು ಒಪ್ಪಲಿಲ್ಲ. ಅಮೆರಿಕ, ಚೀನಾ ಮತ್ತು ಆಸುಪಾಸಿನ ದೇಶಗಳ ಬೆಂಬಲದಿಂದ ವಿಶ್ವಸಂಸ್ಥೆಯಲ್ಲಿ ಕಾಂಬೋಡಿಯಾದ ಕುರ್ಚಿ ಖಮೇರ್ ರೂಜ್ ಬಳಿಯೇ ಉಳಿಯಿತು. 1982ರಿಂದ ಖಮೇರ್ ರೂಜ್ ಸೇರಿದ ಒಕ್ಕೂಟ ಅದರಲ್ಲಿ ಕೂತಿತು. ನರಮೇಧ ನಡೆಸಿದವರಿಗೆ ಜಗತ್ತಿನ ವೇದಿಕೆಯಲ್ಲಿ ಜಾಗ, ಅದನ್ನು ನಿಲ್ಲಿಸಿದವರಿಗೆ ಇಲ್ಲ. ಭಾರತ 1980ರ ಜುಲೈನಲ್ಲೇ ನಾಮ್ ಪೆನ್‌ನ ಹೊಸ ಸರ್ಕಾರಕ್ಕೆ ಮಾನ್ಯತೆ ಕೊಟ್ಟಿತು. ಅಂಥ ಧೈರ್ಯ ಮಾಡಿದ ದೇಶಗಳು ಕಮ್ಮಿ.

ಹಾಗಾಗಿ ತುವೋಲ್ ಸ್ಲೆಂಗ್ ಮ್ಯೂಸಿಯಂ ಹುಟ್ಟಿದ್ದೇ ಜಗತ್ತಿಗೆ 'ನೋಡಿ, ಹೀಗಾಗಿತ್ತು' ಎಂದು ತೋರಿಸಲು. ವಿಯೆಟ್ನಾಂನ ಮಾಯ್ ಲಾಮ್ ಎಂಬ ಸೇನಾಧಿಕಾರಿ ಅದನ್ನು ರೂಪಿಸಿದರು. ಮುನ್ನೂರರಷ್ಟು ತಲೆಬುರುಡೆಗಳನ್ನು ಜೋಡಿಸಿ ಮಾಡಿದ ಕಾಂಬೋಡಿಯಾದ ನಕ್ಷೆ ಅಲ್ಲಿತ್ತು. 2002ರಲ್ಲಿ ಅದನ್ನು ತೆಗೆದರು. ಮೇ 20ನ್ನು ದ್ವೇಷ ಮರೆಯದ ದಿನ ಎಂದು 1980ರ ದಶಕದಲ್ಲಿ ಶುರುಮಾಡಿದರು. ಈಗ ಅದು ಸ್ಮರಣೆಯ ದಿನ. ಆ ದಿನ ಚ್ಯೂಂಗ್ ಎಕ್‌ನಲ್ಲಿ ಕಪ್ಪು ಬಟ್ಟೆ ತೊಟ್ಟ ವಿದ್ಯಾರ್ಥಿಗಳು ಕೋಲು ಎತ್ತಿ ಹೊಡೆಯುವಂತೆ, ಕೈ ಕಟ್ಟಿಸಿಕೊಂಡವರು ಗುಂಡಿಗೆ ಬೀಳುವಂತೆ ಅಭಿನಯಿಸುತ್ತಾರೆ. ಎದುರಿನ ಕುರ್ಚಿಗಳಲ್ಲಿ ಅಧಿಕಾರಿಗಳು, ಭಿಕ್ಷುಗಳು, ವಯಸ್ಸಾದವರು. ನೋಡುತ್ತಾ ಅಳುವವರ ಕಣ್ಣೀರು ನಿಜ. ಆದರೆ ಅವರ ಗಾಯವನ್ನು ಪ್ರತಿ ವರ್ಷ ಹೀಗೆ ಬಿಚ್ಚಿ ತೋರಿಸುವುದು ಯಾರಿಗೋಸ್ಕರ?

ನೆನಪು ಒಂದು ಪಕ್ಷಕ್ಕೆ ಅಧಿಕಾರದ ಹಕ್ಕುಪತ್ರ ಆದಾಗ ಏನಾಗುತ್ತದೆ ಎಂಬುದಕ್ಕೆ ಇಯೆಂಗ್ ಸಾರಿ ಎಂಬ ಒಬ್ಬನ ಕಥೆ ಸಾಕು. ಖಮೇರ್ ರೂಜ್‌ನ ವಿದೇಶಾಂಗ ಮಂತ್ರಿ. 1979ರಲ್ಲಿ ನಾಮ್ ಪೆನ್‌ನ ಜನತಾ ನ್ಯಾಯಾಲಯ ಅವನ ಗೈರುಹಾಜರಿಯಲ್ಲಿ ಮರಣದಂಡನೆ ಕೊಟ್ಟಿತು. 1996ರಲ್ಲಿ ತನ್ನ ಪಡೆಯ ಜೊತೆ ಸರ್ಕಾರದ ಕಡೆ ಬಂದ, ಕ್ಷಮಾದಾನ ಸಿಕ್ಕಿತು. 2007ರಲ್ಲಿ ಮತ್ತೆ ಬಂಧನ. 2013ರಲ್ಲಿ ತೀರ್ಪು ಬರುವ ಮುಂಚೆಯೇ ಸತ್ತ. ಅಪರಾಧ ಒಂದೇ. ಸಮಯಕ್ಕೆ ತಕ್ಕಂತೆ ಅದು ಭಾರಿಯಾಯಿತು, ಹಗುರವಾಯಿತು, ಮತ್ತೆ ಭಾರಿಯಾಯಿತು.

1998ರ ಡಿಸೆಂಬರ್‌ನಲ್ಲಿ ಖಮೇರ್ ರೂಜ್‌ನ ಹಿರಿಯ ನಾಯಕರಾದ ಖಿಯು ಸಂಫಾನ್ ಮತ್ತು ನುವೋನ್ ಚಿಯಾ ಶರಣಾದಾಗ ಹುನ್ ಸೆನ್ ಅವರನ್ನು ಸ್ವಾಗತಿಸಿದರು. ಗುಂಡಿ ತೋಡಿ ಹಿಂದಿನದನ್ನು ಹೂತುಬಿಡೋಣ, ಮುಂದಿನ ಶತಮಾನದ ಕಡೆ ನೋಡೋಣ ಎಂದರು. ಆಗ ದೇಶದಲ್ಲಿ ಶಾಂತಿ ಬೇಕಿತ್ತು, ಯುದ್ಧ ನಿಲ್ಲಬೇಕಿತ್ತು. ಆ ಮಾತಿಗೆ ಅಷ್ಟರ ಮಟ್ಟಿಗೆ ಕಾರಣ ಇತ್ತು ಎಂದು ಒಪ್ಪೋಣ. ಆಮೇಲೆ ನ್ಯಾಯಾಲಯ ಬಂತು. ಅದೇ ಇಬ್ಬರಿಗೆ 2018ರ ನವೆಂಬರ್ 16ರಂದು ನರಮೇಧದ ಅಪರಾಧದಲ್ಲಿ ಶಿಕ್ಷೆಯಾಯಿತು. ಇಬ್ಬರೂ ವಿಯೆಟ್ನಾಮಿ ಸಮುದಾಯದ ನರಮೇಧಕ್ಕೆ, ನುವೋನ್ ಚಿಯಾ ಚಾಮ್ ಮುಸ್ಲಿಮರ ನರಮೇಧಕ್ಕೂ ಹೊಣೆ ಎಂದು ತೀರ್ಪಾಯಿತು. ಆದರೆ ಇನ್ನಷ್ಟು ಜನರ ವಿಚಾರಣೆ ಆಗಲಿ ಎಂಬ ಮಾತು ಬಂದಾಗ ಹುನ್ ಸೆನ್ ಬೇಡವೆಂದರು. 2010ರಲ್ಲಿ ವಿಶ್ವಸಂಸ್ಥೆಯ ಮುಖ್ಯಸ್ಥ ಬಾನ್ ಕಿ ಮೂನ್ ಅವರಿಗೇ ಅದನ್ನು ನೇರವಾಗಿ ಹೇಳಿದರು.

ಈಗ 2013ಕ್ಕೆ ಬನ್ನಿ. ಜುಲೈನಲ್ಲಿ ಚುನಾವಣೆ. ವಿರೋಧ ಪಕ್ಷಕ್ಕೆ ಜನ ಸೇರುತ್ತಿದ್ದರು. ಮೇ ತಿಂಗಳಲ್ಲಿ ವಿರೋಧ ಪಕ್ಷದ ನಾಯಕ ಕೆಮ್ ಸೋಖಾ ಅವರದು ಎನ್ನಲಾದ ಒಂದು ಧ್ವನಿಮುದ್ರಣ ಹೊರಬಂತು. ತುವೋಲ್ ಸ್ಲೆಂಗ್‌ನಲ್ಲಿರುವುದು ವಿಯೆಟ್ನಾಮಿಗಳು ಸೃಷ್ಟಿಸಿದ್ದು ಎಂಬ ಮಾತು ಅದರಲ್ಲಿತ್ತು. ಧ್ವನಿಯನ್ನು ಕತ್ತರಿಸಿ ಜೋಡಿಸಿದ್ದಾರೆ ಎಂದು ಅವರು ಹೇಳಿದರು. ಅಂಥ ಮಾತು ಯಾರೇ ಆಡಿದರೂ ಅದು ಸತ್ತವರಿಗೆ ಮಾಡುವ ಘೋರ ಅನ್ಯಾಯ. ಅದರಲ್ಲಿ ಎರಡು ಮಾತಿಲ್ಲ. ಆದರೆ ಮುಂದಿನ ಕೆಲವೇ ದಿನಗಳಲ್ಲಿ, ಜೂನ್ ಮೊದಲ ವಾರದಲ್ಲಿ, ಖಮೇರ್ ರೂಜ್ ಅಪರಾಧಗಳನ್ನು ನಿರಾಕರಿಸಿದರೆ ಜೈಲು ಎಂಬ ಕಾನೂನು ಅಂಗೀಕಾರವಾಯಿತು. ಹದಿನೈದು ವರ್ಷಗಳ ಹಿಂದೆ ಹೂತುಬಿಡೋಣ ಎಂದಿದ್ದವರ ಸರ್ಕಾರವೇ ಇಷ್ಟು ಅವಸರದಲ್ಲಿ ಅದನ್ನು ತಂದಿತು.

ಅದೇ ವಾರ ಸಾವಿರಾರು ಜನ ಕೆಮ್ ಸೋಖಾ ವಿರುದ್ಧ ಮೆರವಣಿಗೆ ಹೊರಟರು. ಮುಂದೆ ನಿಂತವರು ಚುಮ್ ಮೇ. ಜನರನ್ನು ಕರೆತಂದದ್ದು ಆಳುವ ಪಕ್ಷ ಎಂದು ವಿರೋಧಿಗಳು ಹೇಳಿದರು. ಅದು ಏನೇ ಇರಲಿ, ಚುಮ್ ಮೇ ಅವರ ಸಿಟ್ಟು ಬಾಡಿಗೆಯದಾಗಿರಲಿಲ್ಲ. ತಾನು ಉಗುರು ಕೀಳಿಸಿಕೊಂಡ ಜಾಗ ಸುಳ್ಳು ಎಂದು ಯಾರಾದರೂ ಅಂದರೆ ಆ ಮನುಷ್ಯನಿಗೆ ಹೇಗಾಗಬೇಡ? ನೆನಪಿನ ರಾಜಕೀಯದಲ್ಲಿ ಅತಿ ಕೆಟ್ಟದ್ದು ಇದೇ ಎಂದು ನನಗೆ ಅನಿಸುತ್ತದೆ. ನಿಜವಾದ ನೋವನ್ನು ಚುನಾವಣೆಯ ದಿನಾಂಕಕ್ಕೆ ಹೊಂದಿಸಿಬಿಡುತ್ತಾರೆ. ಆಮೇಲೆ ಆ ನೋವನ್ನು ಗೌರವಿಸುವವರಿಗೆ ರಾಜಕೀಯವನ್ನು ಪ್ರಶ್ನಿಸಲು ಬಾಯಿ ಬರುವುದಿಲ್ಲ. ರಾಜಕೀಯವನ್ನು ಪ್ರಶ್ನಿಸುವವರಿಗೆ ನೋವೂ ನಾಟಕ ಅನ್ನಿಸತೊಡಗುತ್ತದೆ.

2017ರಲ್ಲಿ ಕೆಮ್ ಸೋಖಾ ದೇಶದ್ರೋಹದ ಆರೋಪದಲ್ಲಿ ಬಂಧನಕ್ಕೊಳಗಾದರು. ಅವರ ಪಕ್ಷವನ್ನು ಸುಪ್ರೀಂ ಕೋರ್ಟ್ ವಿಸರ್ಜಿಸಿತು. 2018ರ ಚುನಾವಣೆಯಲ್ಲಿ 125ಕ್ಕೆ 125 ಸ್ಥಾನಗಳೂ ಆಳುವ ಪಕ್ಷಕ್ಕೆ ಹೋದವು. 2023ರಲ್ಲಿ ಸೋಖಾ ಅವರಿಗೆ 27 ವರ್ಷಗಳ ಶಿಕ್ಷೆಯಾಯಿತು. ಇಷ್ಟೆಲ್ಲ ವರ್ಷ ಚುನಾವಣಾ ಭಾಷಣಗಳಲ್ಲಿ ಬರುತ್ತಿದ್ದ ಎಚ್ಚರಿಕೆ ಒಂದೇ: ನಾವು ಸೋತರೆ ಮತ್ತೆ ಯುದ್ಧ, ಮತ್ತೆ ಪೋಲ್ ಪಾಟ್ ಕಾಲ. 2025ರ ಫೆಬ್ರುವರಿಯಲ್ಲಿ, ಖಮೇರ್ ರೂಜ್ ಅಧಿಕಾರಕ್ಕೆ ಬಂದು ಐವತ್ತು ವರ್ಷವಾಗುವ ಹೊತ್ತಿಗೆ, 2013ರ ಕಾನೂನಿನ ಜಾಗಕ್ಕೆ ಇನ್ನೂ ಬಿಗಿಯಾದದ್ದು ಬಂತು. ಈಗ 1ರಿಂದ 5 ವರ್ಷ ಜೈಲು, 1 ಕೋಟಿಯಿಂದ 5 ಕೋಟಿ ರಿಯಲ್ ದಂಡ. ಐದು ಕೋಟಿ ರಿಯಲ್ ಅಂದರೆ ಸುಮಾರು 12,500 ಡಾಲರ್.

ನಿರಾಕರಣೆಗೆ ಶಿಕ್ಷೆ ಇರಬಾರದಾ? ಜರ್ಮನಿಯಲ್ಲಿ ಇದೆ, ಇನ್ನೂ ಹಲವು ದೇಶಗಳಲ್ಲಿ ಇದೆ. ನರಮೇಧ ನಡೆದೇ ಇಲ್ಲ ಎಂಬ ಪ್ರಚಾರ ಮುಂದಿನ ಹಿಂಸೆಗೆ ದಾರಿ ಮಾಡುತ್ತದೆ ಎಂಬ ಭಯ ಸುಮ್ಮನೆ ಹುಟ್ಟಿದ್ದಲ್ಲ. ಆದರೆ ನ್ಯಾಯಾಲಯಗಳು ಸ್ವತಂತ್ರವಾಗಿ ಕೆಲಸ ಮಾಡುವ ಕಡೆ ಇಂಥ ಕಾನೂನು ಒಂದು ರೀತಿ, ವಿರೋಧ ಪಕ್ಷವೇ ಇಲ್ಲದ ಕಡೆ ಇನ್ನೊಂದು ರೀತಿ. ರುವಾಂಡಾ ನೋಡಿ. 1994ರಲ್ಲಿ ಅಲ್ಲಿ ನೂರು ದಿನಗಳಲ್ಲಿ ಟುಟ್ಸಿ ಸಮುದಾಯದ ಲಕ್ಷಾಂತರ ಜನರ ಕೊಲೆಯಾಯಿತು. 'ನರಮೇಧದ ಸಿದ್ಧಾಂತ'ದ ವಿರುದ್ಧ ಅಲ್ಲಿ 2008ರಲ್ಲಿ ಕಾನೂನು ಬಂತು. 2010ರಲ್ಲಿ ವಿರೋಧ ಪಕ್ಷದ ನಾಯಕಿ ವಿಕ್ಟೋಯರ್ ಇಂಗಾಬಿರೆ ಕಿಗಾಲಿ ಸ್ಮಾರಕದಲ್ಲಿ ನಿಂತು, ಆ ಕಾಲದಲ್ಲಿ ಸತ್ತ ಹುಟು ಸಮುದಾಯದವರನ್ನೂ ನೆನೆಯಬೇಕು ಎಂದರು. 2013ರ ಹೊತ್ತಿಗೆ ಅವರ ಶಿಕ್ಷೆ 15 ವರ್ಷಕ್ಕೆ ಏರಿತ್ತು. 2018ರಲ್ಲಿ ಬಿಡುಗಡೆಯಾದರು. ಅವರ ಮಾತು ಸರಿಯೋ ತಪ್ಪೋ ಎಂದು ವಾದ ಮಾಡಬಹುದಿತ್ತು. ಆ ವಾದಕ್ಕೆ ಜಾಗ ಸಿಗಲಿಲ್ಲ.

ನೆನಪನ್ನು ಕಾಯುವ ಸಂಸ್ಥೆಗಳು ತಮ್ಮದೇ ಸರ್ಕಾರಕ್ಕೆ ಬೇಡ ಎಂದು ಹೇಳಿದ ಉದಾಹರಣೆಯೂ ಇದೆ. 2023ರ ಅಕ್ಟೋಬರ್ ಕೊನೆಯಲ್ಲಿ ಇಸ್ರೇಲಿನ ರಾಯಭಾರಿ ವಿಶ್ವಸಂಸ್ಥೆಯಲ್ಲಿ ಹಳದಿ ನಕ್ಷತ್ರ ಧರಿಸಿ ಕೂತರು. ನಾಜಿಗಳು ಯಹೂದಿಗಳ ಮೈಮೇಲೆ ಹೇರಿದ್ದ ಗುರುತು ಅದು. ಜೆರುಸಲೇಮಿನ ಹೋಲೋಕಾಸ್ಟ್ ಸ್ಮಾರಕ ಯಾದ್ ವಶೇಮ್‌ನ ಅಧ್ಯಕ್ಷ ಡಾನಿ ದಯಾನ್ ಇದನ್ನು ಬಹಿರಂಗವಾಗಿ ಖಂಡಿಸಿದರು. ಇದು ಹೋಲೋಕಾಸ್ಟ್‌ಗೆ ಬಲಿಯಾದವರಿಗೂ ದೇಶಕ್ಕೂ ಅಗೌರವ ಎಂದರು. ಸ್ಮಾರಕ ನೋಡಿಕೊಳ್ಳುವವರಿಗೆ ಹೀಗೆ ಹೇಳುವ ಧೈರ್ಯ ಮತ್ತು ಸ್ವಾತಂತ್ರ್ಯ ಎರಡೂ ಇರಬೇಕು. ನಾಮ್ ಪೆನ್‌ನಲ್ಲಿ ಅಂಥ ಮಾತು ಕೇಳುವುದು ಕಷ್ಟ.

ಆದರೂ ಅಲ್ಲಿ ಬೇರೆ ತರಹದ ಕೆಲಸ ಸದ್ದಿಲ್ಲದೆ ನಡೆದಿದೆ. ತಾನೇ ಆ ಕಾಲವನ್ನು ದಾಟಿ ಬಂದ ಯೂಕ್ ಚಾಂಗ್ ನೇತೃತ್ವದ ಕಾಂಬೋಡಿಯಾ ದಾಖಲೆ ಕೇಂದ್ರ ಸಾವಿರಾರು ಕಾಗದಗಳನ್ನು, ಸಂದರ್ಶನಗಳನ್ನು ಕೂಡಿಹಾಕಿತು. ಶಾಲೆಗಳಲ್ಲಿ ಈ ಇತಿಹಾಸಕ್ಕೆ ಹೆಚ್ಚುಕಮ್ಮಿ ಜಾಗವೇ ಇಲ್ಲದಿದ್ದಾಗ, 2007ರಲ್ಲಿ ಮಕ್ಕಳಿಗಾಗಿ ಒಂದು ಇತಿಹಾಸ ಪುಸ್ತಕ ತಂದಿತು. ದೇಶವನ್ನೆಲ್ಲ ಸುತ್ತಿ ಸುಮಾರು 20 ಸಾವಿರ ಸಾಮೂಹಿಕ ಗುಂಡಿಗಳನ್ನು ಮತ್ತು 196 ಜೈಲುಗಳನ್ನು ಗುರುತಿಸಿತು. ತುವೋಲ್ ಸ್ಲೆಂಗ್ ದಾಖಲೆಗಳು 2009ರಲ್ಲಿ ಯುನೆಸ್ಕೋದ ವಿಶ್ವ ಸ್ಮೃತಿ ಪಟ್ಟಿ ಸೇರಿದವು, ಈಗ ಡಿಜಿಟಲ್ ರೂಪದಲ್ಲೂ ಸಿಗುತ್ತವೆ. ಮನೆಯವರು ಹೆಸರು ಹಿಡಿದು ಹುಡುಕಬಹುದು. ನಗು ಅಂಟಿಸಿದ ಫೋಟೋದಲ್ಲಿ ಇದ್ದದ್ದು ತಮ್ಮ ಮನೆಯ ಮೇಷ್ಟ್ರು ಎಂದು ಬಂಧುಗಳು ಹೇಳಿದರಲ್ಲ, ಅಂಥ ಮಾತಿಗೆ ಬೆನ್ನೆಲುಬು ಇಂಥ ದಾಖಲೆಗಳೇ.

2025ರ ಜುಲೈ 11ರಂದು ಪ್ಯಾರಿಸ್‌ನಲ್ಲಿ ಯುನೆಸ್ಕೋ ಮೂರು ಜಾಗಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು: ತುವೋಲ್ ಸ್ಲೆಂಗ್, ಚ್ಯೂಂಗ್ ಎಕ್ ಮತ್ತು ಕಂಪೋಂಗ್ ಚ್ನಾಂಗ್ ಪ್ರಾಂತ್ಯದ ಎಂ-13 ಜೈಲು. ಹುನ್ ಸೆನ್ ಮಗ, ಈಗಿನ ಪ್ರಧಾನಿ ಹುನ್ ಮಾನೆಟ್, ಆ ಭಾನುವಾರ ಬೆಳಗ್ಗೆ ದೇಶದ ತುಂಬ ಏಕಕಾಲಕ್ಕೆ ನಗಾರಿ ಬಾರಿಸಿ ಎಂದು ಕರೆ ಕೊಟ್ಟರು. ಈ ಮಾನ್ಯತೆ ಆ ದೇಶಕ್ಕೆ ಸಲ್ಲಬೇಕಾದದ್ದೇ. ಇನ್ನು ಪ್ರವಾಸಿಗರು ಹೆಚ್ಚುತ್ತಾರೆ, ಹಣವೂ ಹೆಚ್ಚುತ್ತದೆ.

ಪಟ್ಟಿಗೆ ಸೇರಿದ್ದು ಮೂರು. ಉಳಿದ ಗುಂಡಿಗಳು ಹಳ್ಳಿಗಳ ಹೊಲದಲ್ಲಿ, ಪಗೋಡಾಗಳ ಹಿತ್ತಲಲ್ಲಿ, ಕಾಡಿನಲ್ಲಿ ಇವೆ. ಊರವರು ತಾವೇ ದುಡ್ಡು ಹಾಕಿ ಕಟ್ಟಿದ ಸಣ್ಣ ಸ್ತೂಪಗಳಲ್ಲಿ ಹಲವು ಪಾಳು ಬೀಳುತ್ತಿವೆ. ಅಲ್ಲಿಗೆ ಟಿಕೆಟ್ ಇಲ್ಲ, ಆಡಿಯೋ ಗೈಡ್ ಇಲ್ಲ, ಮೇ 20ರಂದು ಮಂತ್ರಿಗಳೂ ಬರುವುದಿಲ್ಲ. ಕೊಂದವರ ಮನೆ ಮತ್ತು ಸತ್ತವರ ಮನೆ ಒಂದೇ ಬೀದಿಯಲ್ಲಿ ಇರುವ ಊರುಗಳು ಇವು. ನೆನಪಿನ ನಿಜವಾದ ಕಷ್ಟ ಇರುವುದು ಇಲ್ಲೇ.

ಚ್ಯೂಂಗ್ ಎಕ್ ಗುತ್ತಿಗೆ 2035ಕ್ಕೆ ಮುಗಿಯುತ್ತದೆ. ಅದಕ್ಕೆ ಇನ್ನೂ ಸಮಯವಿದೆ. ಆ ಹೊತ್ತಿಗೆ ಬದುಕುಳಿದವರಲ್ಲಿ ಹಲವರು ಇರಲಿಕ್ಕಿಲ್ಲ, ಆದರೆ ಮಕ್ಕಳು, ಮೊಮ್ಮಕ್ಕಳು ಇರುತ್ತಾರೆ. ಮುಂದಿನ ಒಪ್ಪಂದದ ಮೇಜಿನಲ್ಲಿ ಅವರಿಗೆ ಕುರ್ಚಿ ಇರಬೇಕು. ಪ್ರತಿ ಟಿಕೆಟ್‌ನ ಲೆಕ್ಕ ಬಹಿರಂಗವಾಗಬೇಕು. ಆ ಹಣದಲ್ಲಿ ಒಂದು ಪಾಲು ಹಳ್ಳಿಗಳ ಸ್ತೂಪಗಳಿಗೆ, ಇನ್ನೊಂದು ಪಾಲು ಬದುಕಿರುವ ಸಂತ್ರಸ್ತರ ಔಷಧಿ ಖರ್ಚಿಗೆ ಹೋಗಬೇಕು. ಮೂಳೆಗಳನ್ನು ಸುಡಬೇಕೋ ಇಡಬೇಕೋ ಎಂಬುದನ್ನು ಕುಟುಂಬಗಳು ಮತ್ತು ಭಿಕ್ಷುಗಳು ಕೂತು ಮಾತಾಡಲಿ. ಇದಕ್ಕೆಲ್ಲ ಹೊಸ ಕಾನೂನು ಬೇಕಿಲ್ಲ. 2025ರಲ್ಲಿ ಸಂಸತ್ತು ಅಂಗೀಕರಿಸಿದ ಕಾನೂನನ್ನು ಭಾಷಣಗಳ ವಿರುದ್ಧ ಬಳಸುವಾಗ ಇರುವ ಚುರುಕಿನಲ್ಲಿ ಅರ್ಧದಷ್ಟು ಈ ಕೆಲಸಕ್ಕೆ ಸಾಕು.